ಟೀಚರ್ ಕೈಲಿ ಒಂದೇ ಫೋನ್ ಇದ್ದರೂ ಸಾಕು: ಪುಕ್ಕಟೆ ಆನ್‌ಲೈನ್ ಆಟಗಳಿಂದ ಪಾಠ ಮಾಡುವುದು ಹೇಗೆ?

ಪ್ರಾಥಮಿಕ ಶಾಲೆಯಲ್ಲಿ ಆನ್‌ಲೈನ್ ಆಟ ಬಳಸಿ ಪಾಠ ಮಾಡಿ ಎಂದರೆ ಶಿಕ್ಷಕರು ಮೊದಲು ಕೇಳುವುದು, ‘ನಮ್ಮಲ್ಲಿ ಅಷ್ಟೊಂದು ಕಂಪ್ಯೂಟರ್ ಎಲ್ಲಿದೆ ಸಾರ್?’ ಅಂತ. ನ್ಯಾಯವಾದ ಪ್ರಶ್ನೆಯೇ. ಆದರೆ ಪ್ರತಿ ಮಗುವಿಗೂ ಒಂದೊಂದು ಟ್ಯಾಬ್ ಬೇಕು ಎಂಬ ಲೆಕ್ಕವನ್ನು ಮೊದಲು ಬಿಟ್ಟುಬಿಡಿ. ಟೀಚರ್ ಕೈಯಲ್ಲಿ ಒಂದು ಸ್ಮಾರ್ಟ್‌ಫೋನ್ ಇದ್ದರೆ ಶುರು ಮಾಡಬಹುದು. ದಾನಿಗಳು ಕೊಟ್ಟ ಟಿ.ವಿ.ಯೋ ಪ್ರೊಜೆಕ್ಟರೋ ಇದ್ದರಂತೂ ಬೇಕಾದಷ್ಟಾಯಿತು.

ಇನ್ನೊಂದು ವಿಷಯ ಈಗಲೇ ಹೇಳಿಬಿಡುತ್ತೇನೆ. ಸರಿ ಉತ್ತರ ಕೊಟ್ಟ ಕೂಡಲೇ ಚಪ್ಪಾಳೆ ಹೊಡೆದು, ನಕ್ಷತ್ರ ಉದುರಿಸುವ ಆಟಗಳು ನೂರಾರಿವೆ. ಮಕ್ಕಳಿಗೆ ಖುಷಿ, ನಮಗೂ ಅರ್ಧ ಗಂಟೆ ನೆಮ್ಮದಿ. ಆದರೆ ಮಗು ಎಲ್ಲಿ ಎಡವಿತು ಅನ್ನುವುದು ಟೀಚರ್‌ಗೆ ಗೊತ್ತಾಗದಿದ್ದರೆ ಅದು ಸುಮ್ನೆ ಆಟ ಅಷ್ಟೇ. ಒಂದು ಆ್ಯಪ್ ಬೇಕೋ ಬೇಡವೋ ಅಂತ ನಾನು ತೀರ್ಮಾನಿಸುವುದು ಇದೊಂದನ್ನೇ ನೋಡಿ. ಕೆಳಗೆ ಹೇಳಿರುವ ಸಾಧನಗಳನ್ನು ಆರಿಸಿದ್ದೂ ಹಾಗೆಯೇ.

ಉದಾಹರಣೆಗೆ ನಾಲ್ಕನೇ ತರಗತಿಯ ಭಿನ್ನರಾಶಿ ಪಾಠವನ್ನೇ ತೆಗೆದುಕೊಳ್ಳೋಣ.

ಹಂತ 1: ಮಕ್ಕಳು ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ ಅಂತ ಮೊದಲು ಗೊತ್ತು ಮಾಡಿಕೊಳ್ಳಿ

ಆ್ಯಪ್ ಇಳಿಸಿಕೊಂಡು ಆಮೇಲೆ ಅದಕ್ಕೊಂದು ಪಾಠ ಹುಡುಕುವುದು ಉಲ್ಟಾ ದಾರಿ. ಮೊದಲು ತೊಡಕನ್ನು ಹುಡುಕಬೇಕು. ಭಿನ್ನರಾಶಿಯಲ್ಲಿ ಅದು ಎಲ್ಲರಿಗೂ ಗೊತ್ತಿರುವುದೇ. 1/3, 1/4 ಇವೆರಡರಲ್ಲಿ ಯಾವುದು ದೊಡ್ಡದು ಎಂದರೆ ತುಂಬಾ ಮಕ್ಕಳು 1/4 ಎನ್ನುತ್ತಾರೆ. ‘ಮೂರಕ್ಕಿಂತ ನಾಲ್ಕು ದೊಡ್ಡದಲ್ವಾ ಮಿಸ್?’ ಅಲ್ಲಿಯವರೆಗೆ ಅವರು ಕಲಿತ ಲೆಕ್ಕದ ಪ್ರಕಾರ ಅದು ತಪ್ಪೇನೂ ಅಲ್ಲ. ಕೆಳಗಿನ ಅಂಕಿ ದೊಡ್ಡದಾದಷ್ಟೂ ಚೂರು ಚಿಕ್ಕದಾಗುತ್ತದೆ ಅನ್ನುವುದನ್ನು ಅವರು ಕಣ್ಣಾರೆ ನೋಡಬೇಕು. ನೀವು ಹುಡುಕಬೇಕಾದ ಸಾಧನ ಇದನ್ನು ತೋರಿಸುವಂಥದ್ದು. ಬೇರೆಲ್ಲ ಆಮೇಲೆ.

ಹಂತ 2: ಇಳಿಸಿಕೊಳ್ಳುವ ಕೆಲಸವೆಲ್ಲ ಮನೆಯಲ್ಲೇ ಮುಗಿಯಲಿ

ಶಾಲೆಯಲ್ಲಿ ನೆಟ್‌ವರ್ಕ್ ಸಿಗುತ್ತದೆ ಅಂತ ನಂಬಿ ಹೋಗಬೇಡಿ.

ಈ ಪಾಠಕ್ಕೆ ಫೆಟ್ ಸಿಮ್ಯುಲೇಶನ್, ಅಂದರೆ ಪರದೆಯ ಮೇಲೆ ನಾವೇ ಒತ್ತಿ ಬದಲಿಸಿ ನೋಡುವ ಮಾದರಿ, ಒಳ್ಳೆಯದು. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ 2002ರಲ್ಲಿ ಇದನ್ನು ಶುರು ಮಾಡಿದವರು ಭೌತಶಾಸ್ತ್ರದ ನೊಬೆಲ್ ಪಡೆದ ಕಾರ್ಲ್ ವೀಮನ್. ಹೆಸರು ಕೇಳಿ ಇದೆಲ್ಲ ಕಾಲೇಜಿನವರಿಗೆ ಅಂದುಕೊಳ್ಳಬೇಡಿ. ಸಂಖ್ಯೆ, ಭಿನ್ನರಾಶಿ, ತಕ್ಕಡಿ ತೂಕದಂಥ ಚಿಕ್ಕ ಮಕ್ಕಳ ವಿಷಯಗಳೂ ಬೇಕಾದಷ್ಟಿವೆ. ಬ್ರೌಸರ್‌ನಲ್ಲಿ ‘ಫೆಟ್ ಫ್ರಾಕ್ಷನ್ಸ್ ಇಂಟ್ರೊ’ (PhET Fractions Intro) ಎಂದು ಹುಡುಕಿ. ಪುಟ ತೆರೆದಾಗ ಡೌನ್‌ಲೋಡ್ ಗುರುತು ಕಾಣುತ್ತದೆ. ಒತ್ತಿದರೆ ಒಂದೇ ಒಂದು ಎಚ್‌ಟಿಎಂಎಲ್ ಫೈಲ್ ಬರುತ್ತದೆ. ಅದನ್ನು ಲ್ಯಾಪ್‌ಟಾಪ್‌ಗೆ ಹಾಕಿಕೊಂಡರೆ ನೆಟ್ ಇಲ್ಲದೆಯೂ ಬ್ರೌಸರ್‌ನಲ್ಲಿ ತೆರೆದುಕೊಳ್ಳುತ್ತದೆ. ಅನುವಾದಗಳ ಪಟ್ಟಿಯಲ್ಲಿ ಕನ್ನಡ ಇದೆಯೇ ಅಂತಲೂ ಒಮ್ಮೆ ನೋಡಿ. ಇಲ್ಲದಿದ್ದರೂ ಈ ಆಟಕ್ಕೆ ಭಾಷೆಯ ಹಂಗು ಕಡಿಮೆ. ಬಾಣದ ಗುರುತು, ಅಂಕಿ, ಬಣ್ಣದ ಚೂರು ಇಷ್ಟೇ.

ಪಠ್ಯಪುಸ್ತಕದಲ್ಲಿರುವ ಕ್ಯೂಆರ್ ಕೋಡ್ ಮರೆಯಬೇಡಿ. ಸರ್ಕಾರದ ಉಚಿತ ದೀಕ್ಷಾ ಆ್ಯಪ್‌ನಿಂದ ಸ್ಕ್ಯಾನ್ ಮಾಡಿದರೆ ಆ ಪಾಠದ ವಿಡಿಯೊ, ಅಭ್ಯಾಸ ಸಿಗುತ್ತವೆ. ಪುಸ್ತಕ ಹಳೆಯದಾಗಿ ಕೋಡ್ ಅಳಿಸಿಹೋಗಿದ್ದರೆ ಅದರ ಕೆಳಗಿರುವ ಆರು ಅಕ್ಷರಗಳನ್ನು ಟೈಪ್ ಮಾಡಿದರೂ ಆಯಿತು. ಹಿಂದಿನ ದಿನವೇ ಇಳಿಸಿಟ್ಟುಕೊಳ್ಳಿ, ಮತ್ತು ಪೂರ್ತಿ ನೋಡಿಯೇ ತೋರಿಸಿ. ಕೆಲವು ವಿಡಿಯೊ ತುಂಬಾ ಚೆನ್ನಾಗಿವೆ. ಕೆಲವದರಲ್ಲಿ ಬೋರ್ಡ್ ಮುಂದೆ ನಿಂತು ಪುಸ್ತಕ ಓದುವುದೊಂದೇ ಇರುತ್ತದೆ. ಅದನ್ನು ನೀವೇ ಇನ್ನೂ ಚೆನ್ನಾಗಿ ಮಾಡುತ್ತೀರಿ, ಅಲ್ವಾ?

ಎಲ್ಲ ಆದ ಮೇಲೆ ಲ್ಯಾಪ್‌ಟಾಪ್‌ನ ವೈಫೈ ಆಫ್ ಮಾಡಿ, ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಒಮ್ಮೆ ತೆರೆದು ನೋಡಿ. ಆಗಲೂ ಓಡಿದರೆ ಶಾಲೆಯಲ್ಲೂ ಓಡುತ್ತದೆ. ಫೋನನ್ನೇ ಟಿ.ವಿ.ಗೆ ಜೋಡಿಸುವವರು ಕೇಬಲ್ ಕೊಳ್ಳುವ ಮೊದಲು ವಿಚಾರಿಸಿ. ಟೈಪ್-ಸಿ ಇರುವ ಫೋನ್‌ಗಳೆಲ್ಲ ಎಚ್‌ಡಿಎಂಐ ಕೇಬಲ್ ಮೂಲಕ ಚಿತ್ರ ಕೊಡುವುದಿಲ್ಲ. ಇನ್ನು ವಾಟ್ಸ್‌ಆ್ಯಪ್ ನೋಟಿಫಿಕೇಶನ್ ಬಂದ್ ಮಾಡಿಕೊಳ್ಳಿ. ಮನೆಯ ಮಾತುಕತೆ ಇಡೀ ತರಗತಿಗೆ ಕಾಣುವುದು ಬೇಡ.

ಹಂತ 3: ಮಕ್ಕಳ ಕೈಗೆ ಫೋನ್ ಬದಲು ಕಾಗದದ ಕಾರ್ಡ್

ನನಗೆ ಇಡೀ ಲೇಖನದಲ್ಲಿ ಅತಿ ಮೆಚ್ಚುಗೆಯ ಸಾಧನ ಇದೇ: ಪ್ಲಿಕರ್ಸ್. ಫೋನ್ ಬೇಕಾಗುವುದು ಟೀಚರ್‌ಗೆ ಮಾತ್ರ. ಪ್ರತಿ ಮಗುವಿನ ಕೈಯಲ್ಲೂ ಒಂದು ಕಾಗದದ ಕಾರ್ಡ್ ಇರುತ್ತದೆ. ಅದರ ಮೇಲೆ ಕ್ಯೂಆರ್ ಕೋಡ್ ಥರದ ಕಪ್ಪು ಚಿತ್ರ. ಒಂದು ಕಾರ್ಡಿನಂತೆ ಇನ್ನೊಂದಿರುವುದಿಲ್ಲ. ನಾಲ್ಕು ಬದಿಗೂ ಚಿಕ್ಕದಾಗಿ ಎ, ಬಿ, ಸಿ, ಡಿ ಎಂದಿರುತ್ತದೆ. ಮಗು ತನ್ನ ಉತ್ತರದ ಅಕ್ಷರ ಮೇಲೆ ಬರುವ ಹಾಗೆ ಕಾರ್ಡ್ ತಿರುಗಿಸಿ ಎತ್ತಿ ಹಿಡಿಯುತ್ತದೆ. ನೀವು ಫೋನ್ ಕ್ಯಾಮೆರಾವನ್ನು ಬಾಗಿಲ ಕಡೆಯಿಂದ ಕಿಟಕಿ ಕಡೆಗೆ ನಿಧಾನವಾಗಿ ತಿರುಗಿಸಿದರೆ ಸಾಕು. ಯಾರು ಏನು ಉತ್ತರ ಕೊಟ್ಟರು ಅಂತ ಪರದೆಯ ಮೇಲೆ ಮೂಡುತ್ತದೆ. ಸರಿಗೆ ಹಸಿರು, ತಪ್ಪಿಗೆ ಕೆಂಪು. ಅಕ್ಷರ ಚಿಕ್ಕದಿರುವುದರಿಂದ, ಚಿತ್ರ ಬೇರೆಬೇರೆ ಇರುವುದರಿಂದ ಪಕ್ಕದವರದನ್ನು ನೋಡಿ ನಕಲು ಮಾಡುವುದು ಕಷ್ಟ. ಕೈ ಎತ್ತಲು ನಾಚುವ ಮಗುವೂ ಉತ್ತರ ಕೊಡುತ್ತದೆ.

ಕಾರ್ಡ್‌ಗಳನ್ನು ಪ್ಲಿಕರ್ಸ್ ತಾಣದಿಂದ ಪುಕ್ಕಟೆಯಾಗಿ ಇಳಿಸಿ ಪ್ರಿಂಟ್ ಹಾಕಿಸಿ. 40 ಕಾರ್ಡುಗಳ ಸೆಟ್ ನಮ್ಮ ಬಹುತೇಕ ತರಗತಿಗಳಿಗೆ ಸಾಕು. ರಟ್ಟಿಗೆ ಅಂಟಿಸಿದರೆ ವರ್ಷಪೂರ್ತಿ ಬಾಳುತ್ತವೆ. ಹೊಳೆಯುವ ಲ್ಯಾಮಿನೇಶನ್ ಮಾತ್ರ ಮಾಡಿಸಬೇಡಿ. ಕಿಟಕಿಯ ಬೆಳಕು ಬಿದ್ದು ಕ್ಯಾಮೆರಾಗೆ ಕಾರ್ಡ್ ಕಾಣುವುದಿಲ್ಲ. ಬೆರಳು ಕಪ್ಪು ಚಿತ್ರದ ಮೇಲೆ ಬರದ ಹಾಗೆ ಅಂಚಿನಲ್ಲಿ ಹಿಡಿಯುವುದನ್ನು ಮಕ್ಕಳಿಗೆ ಮೊದಲೇ ಅಭ್ಯಾಸ ಮಾಡಿಸಿ. ಮೊದಲ ಸಲ ಪಾಠದ ಪ್ರಶ್ನೆ ಬೇಡ. ‘ಇವತ್ತು ಬಿಸಿಯೂಟಕ್ಕೆ ಏನಿದ್ದರೆ ಇಷ್ಟ?’ ಅಂತ ಕೇಳಿ ನೋಡಿ, ಕಾರ್ಡ್ ತಿರುಗಿಸುವುದು ಒಂದೇ ಸಲಕ್ಕೆ ಬಂದುಬಿಡುತ್ತದೆ.

ಪ್ರಶ್ನೆಗಳನ್ನು ಕನ್ನಡದಲ್ಲೇ ಟೈಪ್ ಮಾಡಬಹುದು. ಇದಕ್ಕೆ ಮಾತ್ರ ತರಗತಿಯಲ್ಲಿ ನೆಟ್ ಬೇಕು. ಉಚಿತ ಖಾತೆಯಲ್ಲಿ ಒಂದು ಸಲಕ್ಕೆ ಕೇಳುವ ಪ್ರಶ್ನೆಗಳಿಗೆ ಮಿತಿಯೂ ಇದೆ. ಹಾಗಾದರೂ ಚಿಂತೆಯಿಲ್ಲ, ನಮಗೆ ಒಂದು ಪಾಠಕ್ಕೆ ಎರಡು ಮೂರು ಪ್ರಶ್ನೆ ಸಾಕು.

ಹಂತ 4: ತರಗತಿಯಲ್ಲಿ

ಪಾಠ ಮಾಡುವ ಮೊದಲೇ ಪ್ರಶ್ನೆ ಕೇಳಿ. ಮೊದಲನೆಯದು: ‘ಒಂದೇ ಅಳತೆಯ ಎರಡು ರೊಟ್ಟಿ. ಒಂದನ್ನು ಮೂವರು ಸಮವಾಗಿ ಹಂಚಿಕೊಂಡರು, ಇನ್ನೊಂದನ್ನು ನಾಲ್ವರು. ದೊಡ್ಡ ಚೂರು ಸಿಕ್ಕಿದ್ದು ಯಾವ ಗುಂಪಿನವರಿಗೆ?’ ಎರಡನೆಯದು: ‘1/3, 1/4 ಯಾವುದು ದೊಡ್ಡದು?’ ಎರಡೂ ಒಂದೇ ಪ್ರಶ್ನೆ. ಆದರೆ ರೊಟ್ಟಿಗೆ ಸರಿಯಾಗಿ ಹೇಳಿದ ಮಗುವೇ ಅಂಕಿಗೆ ತಪ್ಪು ಹೇಳುವುದುಂಟು. ಅಂಥವರು ಯಾರು ಅಂತ ನಿಮಗೆ ಫೋನ್‌ನಲ್ಲೇ ಗೊತ್ತಾಗುತ್ತದೆ. ಅವರಿಗೆ ವಿಷಯ ಗೊತ್ತಿದೆ, ಬರೆಯುವ ರೀತಿ ಗೊತ್ತಿಲ್ಲ ಅಷ್ಟೇ. ಎರಡಕ್ಕೂ ತಪ್ಪು ಹೇಳಿದ ಮಗುವಿಗೆ ಬೇಕಾದ ಪಾಠ ಬೇರೆ. ‘ಡಿ’ ಆಯ್ಕೆಯನ್ನು ಯಾವಾಗಲೂ ‘ಗೊತ್ತಿಲ್ಲ’ ಅಂತ ಇಟ್ಟುಬಿಡಿ. ಸುಮ್ನೆ ಊಹೆ ಮಾಡಿ ತಿರುಗಿಸುವುದು ಕಡಿಮೆಯಾಗುತ್ತದೆ.

ಈಗ ಸರಿ ಉತ್ತರ ಹೇಳಬೇಡಿ. ಹೇಳಬೇಕು ಅಂತ ನಾಲಿಗೆ ತುರಿಸುತ್ತದೆ, ತಡೆದುಕೊಳ್ಳಿ. ಫೋನ್ ಕೆಳಗಿಟ್ಟು ಜೋಡಿಗೆ ಎರಡರಂತೆ 12 ಸೆಂ.ಮೀ. ಉದ್ದದ ಕಾಗದದ ಪಟ್ಟಿ ಕೊಡಿ. ಒಂದನ್ನು ಮೂರು ಸಮ ಭಾಗ, ಇನ್ನೊಂದನ್ನು ನಾಲ್ಕು ಸಮ ಭಾಗ ಮಾಡಲು ಹೇಳಿ. ಕಾಗದವನ್ನು ಮೂರಾಗಿ ಮಡಚುವುದು ಮಕ್ಕಳಿಗೆ ಕಷ್ಟ. ಅದಕ್ಕೇ 12 ಸೆಂ.ಮೀ.: ಸ್ಕೇಲ್ ಇಟ್ಟು 4 ಸೆಂ.ಮೀ.ಗೊಂದು ಗೆರೆ, 3 ಸೆಂ.ಮೀ.ಗೊಂದು ಗೆರೆ ಹಾಕಿದರೆ ಆಯಿತು. ಕತ್ತರಿಸಿ ಪಕ್ಕಪಕ್ಕ ಇಟ್ಟಾಗ ಅರ್ಧ ತರಗತಿಯಾದರೂ ತನ್ನ ಉತ್ತರ ತಾನೇ ಬದಲಿಸಿರುತ್ತದೆ.

ಆಮೇಲೆ ಫೆಟ್ ತೆರೆಯಿರಿ. ಪರದೆಯ ಮೇಲೊಂದು ವೃತ್ತ, ಕೆಳಗೆ ಚೂರುಗಳ ಬುಟ್ಟಿ, ಪಕ್ಕದಲ್ಲಿ ಅಂಶ ಮತ್ತು ಛೇದ. ಛೇದದ ಬಾಣ ಒತ್ತಿದ ಹಾಗೆಲ್ಲ ವೃತ್ತ ಮೂರಾಗಿ, ನಾಲ್ಕಾಗಿ, ಐದಾಗಿ ಸೀಳುತ್ತಾ ಹೋಗುತ್ತದೆ. ಅಂಶ 1 ಇಟ್ಟು ಛೇದ ಮಾತ್ರ ಹೆಚ್ಚಿಸಿದರೆ ಬಣ್ಣದ ಚೂರು ಕಣ್ಣೆದುರೇ ಕುಗ್ಗುತ್ತದೆ. ಒತ್ತುವ ಕೆಲಸ ಒಂದು ಮಗುವಿಗೆ ಕೊಡಿ. ಆದರೆ ಪ್ರತಿ ಸಲ ಒತ್ತುವ ಮೊದಲು ಉಳಿದವರು ‘ಚಿಕ್ಕದಾಗುತ್ತದೆ’ ಅಥವಾ ‘ದೊಡ್ಡದಾಗುತ್ತದೆ’ ಅಂತ ಹೇಳಲೇಬೇಕು. ಹಾಗೆ ಹೇಳಿಸದಿದ್ದರೆ ಅದು ಟಿ.ವಿ. ನೋಡಿದ ಹಾಗೆಯೇ ಆಗುತ್ತದೆ. ವೃತ್ತದ ಬದಲು ಕೇಕ್, ನೀರಿನ ಪಾತ್ರೆ, ಸಂಖ್ಯಾರೇಖೆ ಕೂಡ ಆರಿಸಬಹುದು. ಸಂಖ್ಯಾರೇಖೆಯನ್ನು ಮರುದಿನಕ್ಕೆ ಉಳಿಸಿಕೊಳ್ಳಿ. ಒಂದೇ ದಿನ ಎಲ್ಲವನ್ನೂ ತೋರಿಸಿದರೆ ಮಕ್ಕಳ ಗಮನ ಬಣ್ಣದ ಕಡೆಗೇ ಹೋಗುತ್ತದೆ.

ಕೊನೆಗೆ ಮತ್ತೆ ಕಾರ್ಡ್. ಪ್ರಶ್ನೆ ಬೇರೆ ಇರಲಿ: ‘1/5, 1/8 ಯಾವುದು ದೊಡ್ಡದು?’ ಈಗಲೂ ಕೆಂಪು ಬಂದ ಮಕ್ಕಳ ನಂಬರ್ ಬರೆದುಕೊಳ್ಳಿ. ನಾಳೆ ಬೆಳಗ್ಗೆ ಕಾಗದದ ಪಟ್ಟಿ ಹಿಡಿದು ಮೊದಲು ಕೂರಬೇಕಾದದ್ದು ಅವರ ಜೊತೆ. 40 ನಿಮಿಷದಲ್ಲಿ ಪರದೆ ಉರಿದದ್ದು ಹತ್ತು ನಿಮಿಷವೂ ಇರಲಿಕ್ಕಿಲ್ಲ. ಪ್ರಾಥಮಿಕ ತರಗತಿಗೆ ಅಷ್ಟು ಸಾಕು.

ಭಾಷೆಯ ಪಾಠಕ್ಕೆ ಸ್ಟೋರಿವೀವರ್

ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಕಥೆಗಳ ತಾಣ ಇದು. ಕನ್ನಡದಲ್ಲಿ ಚಿತ್ರಕಥೆಗಳು ರಾಶಿ ಇವೆ, ಓದಿನ ಮಟ್ಟದ ಪ್ರಕಾರ ವಿಂಗಡಿಸಿದ್ದಾರೆ. ತರಗತಿ ಮೂರಾದರೂ ಕೆಲವು ಮಕ್ಕಳಿಗೆ ಒಂದನೇ ಮಟ್ಟದ್ದೇ ಬೇಕಾಗಬಹುದು, ಸಂಕೋಚಪಡಬೇಡಿ. ಪಿಡಿಎಫ್ ಇಳಿಸಿಕೊಂಡು ಟಿ.ವಿ.ಯಲ್ಲಿ ತೋರಿಸಿ. ಮೊದಲು ಚಿತ್ರ ಮಾತ್ರ ನೋಡಿ ‘ಮುಂದೇನಾಗಬಹುದು?’ ಅಂತ ಕೇಳಿ. ಆಮೇಲೆ ಅಕ್ಷರ. ಇನ್ನೂ ಚೆಂದದ್ದು ಎಂದರೆ, ಅಲ್ಲಿನ ಚಿತ್ರಗಳನ್ನೇ ಬಳಸಿ ಮಕ್ಕಳು ಹೇಳಿದ ಕಥೆಯನ್ನು ನೀವೇ ಹೊಸ ಪುಸ್ತಕ ಮಾಡಬಹುದು. ಬೆಳಗಾವಿ ಗಡಿಯಲ್ಲೋ ಕರಾವಳಿಯಲ್ಲೋ ಮನೆಯಲ್ಲಿ ಮರಾಠಿ, ತುಳು, ಕೊಂಕಣಿ ಆಡುವ ಮಕ್ಕಳಿರುವ ಶಾಲೆಯಲ್ಲಿ ಅದೇ ಕಥೆಯನ್ನು ಮನೆಮಾತಿನಲ್ಲಿ ಮೊದಲು ಹೇಳಿಸಿ, ಆಮೇಲೆ ಕನ್ನಡದಲ್ಲಿ ಬರೆಸಿ.

ಕಂಪ್ಯೂಟರ್, ಟ್ಯಾಬ್ ಇರುವ ಶಾಲೆಗಳಲ್ಲಿ

ಮೂಲೆಯಲ್ಲಿ ಹಳೆಯ ಕಂಪ್ಯೂಟರ್ ಧೂಳು ತಿನ್ನುತ್ತಿದ್ದರೆ ಜಿಕಾಂಪ್ರಿ (GCompris) ಎಂಬ ಮಕ್ಕಳ ಆಟಗಳ ಉಚಿತ ತಂತ್ರಾಂಶ ಹಾಕಿ. ಜಾಹೀರಾತಿಲ್ಲ, ಒಮ್ಮೆ ಹಾಕಿದರೆ ನೆಟ್ ಬೇಕಿಲ್ಲ. ಮೌಸ್ ಹಿಡಿದು ಪರದೆ ಒರೆಸಿದರೆ ಕೆಳಗಿನ ಚಿತ್ರ ಕಾಣುವ ಆಟದಿಂದ ಹಿಡಿದು ಗಡಿಯಾರ ನೋಡುವುದು, ತಕ್ಕಡಿ ತೂಗುವುದು, ದುಡ್ಡಿನ ಲೆಕ್ಕದವರೆಗೆ ನೂರಕ್ಕೂ ಹೆಚ್ಚು ಚಟುವಟಿಕೆಗಳಿವೆ. ಟ್ಯಾಬ್ ಅಥವಾ ಹಳೆಯ ಫೋನ್ ಇದ್ದರೆ ಅಕ್ಷರ ಫೌಂಡೇಶನ್‌ನ ಬಿಲ್ಡಿಂಗ್ ಬ್ಲಾಕ್ಸ್ ಗಣಿತದ ಆ್ಯಪ್ ಕನ್ನಡದಲ್ಲೇ ಇದೆ.

ಎರಡೇ ಟ್ಯಾಬ್ ಇದ್ದರೆ ಮೂವತ್ತು ಮಕ್ಕಳಿಗೆ ಹೇಗೆ? ಉತ್ತರ ನಲಿ-ಕಲಿಯಲ್ಲೇ ಇದೆ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾದ ಈ ಪದ್ಧತಿಯಲ್ಲಿ ಮಕ್ಕಳು ‘ತಟ್ಟೆ’ ಎಂಬ ಗುಂಪುಗಳಾಗಿ ಕೂತು ಬೇರೆಬೇರೆ ಕೆಲಸ ಮಾಡುತ್ತಾರಲ್ಲ, ಅದರಲ್ಲಿ ಸ್ವಕಲಿಕೆಯ ತಟ್ಟೆಗೆ ಮಾತ್ರ ಟ್ಯಾಬ್ ಕೊಡಿ. ಒಂದು ಟ್ಯಾಬ್‌ಗೆ ಇಬ್ಬರು: ಒಬ್ಬರು ಒತ್ತುವುದು, ಇನ್ನೊಬ್ಬರು ಹೇಳುವುದು, ಆಮೇಲೆ ಅದಲುಬದಲು.

ಕೆಲವು ಎಚ್ಚರಿಕೆ

ಕಹೂಟ್ ಎಂಬ ಕ್ವಿಜ್ ಆಟದ ಹೆಸರು ನೀವು ಕೇಳಿರುತ್ತೀರಿ. ಮಕ್ಕಳು ಹುಚ್ಚೆದ್ದು ಆಡುತ್ತಾರೆ. ಅದರಲ್ಲಿ ಬೇಗ ಒತ್ತಿದವರಿಗೆ ಜಾಸ್ತಿ ಅಂಕ. ಹಾಗಾಗಿ ಯೋಚಿಸುವ ಮಗು ಹಿಂದೆ ಬೀಳುತ್ತದೆ, ನಾಲ್ಕು ಸಲ ಹಿಂದೆ ಬಿದ್ದ ಮೇಲೆ ಅದೂ ಯೋಚಿಸುವುದು ಬಿಟ್ಟು ಒತ್ತಲು ಶುರು ಮಾಡುತ್ತದೆ. ಬಳಸಲೇಬೇಕಿದ್ದರೆ ಪ್ರಶ್ನೆಯ ಸಮಯ ಹೆಚ್ಚಿಸಿ, ಗುಂಪಾಗಿ ಆಡಿಸಿ.

‘ಕಿಡ್ಸ್ ಲರ್ನಿಂಗ್’ ಅಂತ ಹೆಸರಿಟ್ಟುಕೊಂಡ ಉಚಿತ ಆ್ಯಪ್‌ಗಳಲ್ಲಿ ಮಧ್ಯೆ ಮಧ್ಯೆ ಜಾಹೀರಾತು ಬರುತ್ತದೆ, ಯಾವುದು ಬರುತ್ತದೆ ಅನ್ನುವುದು ನಿಮ್ಮ ಕೈಯಲ್ಲಿಲ್ಲ. ಮಕ್ಕಳ ಎದುರು ತೆರೆಯುವ ಮೊದಲು ಕೊನೆಯವರೆಗೂ ಒಮ್ಮೆ ನೀವೇ ಆಡಿ.

ಯಾವ ತಾಣದಲ್ಲೂ ಮಕ್ಕಳ ಪೂರ್ತಿ ಹೆಸರು, ಫೋಟೊ, ಪಾಲಕರ ಫೋನ್ ನಂಬರ್ ಹಾಕಬೇಡಿ. ಪ್ಲಿಕರ್ಸ್‌ನಲ್ಲಿ ಹೆಸರಿನ ಜಾಗಕ್ಕೆ ಹಾಜರಿ ನಂಬರ್ ಸಾಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ವರ್ಷದೊಳಗಿನವರೆಲ್ಲ ಮಕ್ಕಳೇ, ಅವರ ಮಾಹಿತಿ ಬಳಸಲು ಪಾಲಕರ ಒಪ್ಪಿಗೆ ಬೇಕು. ಮಕ್ಕಳು ಆಡುವ ವಿಡಿಯೊವನ್ನು ಸ್ಟೇಟಸ್‌ಗೆ ಹಾಕುವ ಆಸೆಯನ್ನೂ ಸ್ವಲ್ಪ ತಡೆಹಿಡಿಯಿರಿ.

ಇಳಿಸಿಕೊಂಡ ಫೆಟ್ ಫೈಲು, ಸ್ಟೋರಿವೀವರ್ ಕಥೆಗಳನ್ನು ಒಂದು ಪೆನ್‌ಡ್ರೈವ್‌ನಲ್ಲಿ ತರಗತಿವಾರು ಫೋಲ್ಡರ್ ಮಾಡಿಟ್ಟುಕೊಳ್ಳಿ. ಫೈಲಿನ ಹೆಸರನ್ನು ಕನ್ನಡದಲ್ಲಿ, ಪಾಠದ ಹೆಸರಿನ ಜೊತೆ ಬದಲಿಸಿದರೆ ಹುಡುಕುವುದು ಸುಲಭ. ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಸಮಾಲೋಚನಾ ಸಭೆಗೆ ಹೋಗುವಾಗ ಅದು ಬ್ಯಾಗಿನಲ್ಲಿರಲಿ. ಸ್ಟೋರಿವೀವರ್ ಕಥೆಗಳನ್ನು ಹಂಚಲು, ಪ್ರಿಂಟ್ ಹಾಕಿಸಲು ಯಾರ ಅನುಮತಿಯೂ ಬೇಕಿಲ್ಲ. ಬರೆದವರ, ಚಿತ್ರ ಬಿಡಿಸಿದವರ ಹೆಸರಿರುವ ಕೊನೆಯ ಪುಟವನ್ನು ಮಾತ್ರ ಕಿತ್ತುಹಾಕಬೇಡಿ.