ರಸ್ತೆ ದಾಟಿದರೆ ಬ್ರೆಜಿಲ್: ರಿವೇರಾದಲ್ಲಿ ಕೆಲಕಾಲ ನೆಲೆಸುವವರಿಗೆ

ಉರುಗ್ವೆಯ ರಿವೇರಾ ಮತ್ತು ಬ್ರೆಜಿಲ್‌ನ ಸಂತಾನಾ ದೊ ಲಿವ್ರಮೆಂಟೊ ನಕ್ಷೆಯಲ್ಲಿ ಎರಡು ನಗರಗಳಾದರೂ ಕಾಲ್ನಡಿಗೆಯಲ್ಲಿ ಒಂದೇ ಊರು. ನಡುವೆ ಹೊಳೆಯೂ ಇಲ್ಲ, ಬೇಲಿಯೂ ಇಲ್ಲ. ರಿವೇರಾದ ಸರಂಡಿ ರಸ್ತೆಯಲ್ಲಿ ನೇರವಾಗಿ ನಡೆದು, 1943ರಲ್ಲಿ ಉದ್ಘಾಟನೆಯಾದ ಅಂತರರಾಷ್ಟ್ರೀಯ ಚೌಕವನ್ನು ದಾಟಿದರೆ ಅದೇ ದಾರಿ ಆಂದ್ರಾದಸ್ ರಸ್ತೆ ಎಂಬ ಹೆಸರಿನಿಂದ ಬ್ರೆಜಿಲ್‌ನಲ್ಲಿ ಮುಂದುವರಿಯುತ್ತದೆ. ಕಣ್ಣಿಗೆ ಕಾಣದ ಈ ಗಡಿ ಯಾವ ವಿಷಯದಲ್ಲಿ ನಿಜವಾಗಿಯೂ ಇದೆ ಎಂಬುದನ್ನು ಮೊದಲೇ ತಿಳಿದುಕೊಂಡರೆ ಇಲ್ಲಿನ ಬದುಕು ಸುಲಭ.

ಎಲ್ಲಕ್ಕಿಂತ ಮುಖ್ಯವಾದದ್ದು ಪಾಸ್‌ಪೋರ್ಟಿನ ಮುದ್ರೆ. ಎರಡು ನಗರಗಳೊಳಗೆ ಓಡಾಡುವವರನ್ನು ಯಾರೂ ತಡೆಯುವುದಿಲ್ಲ. ತೊಡಕು ಹುಟ್ಟುವುದೂ ಅದರಿಂದಲೇ. ಸುಮಾರು 500 ಕಿಲೋಮೀಟರ್ ದೂರದ ಉರುಗ್ವೆಯ ರಾಜಧಾನಿ ಮೊಂಟೆವಿಡಿಯೊದಿಂದ ಬಂದು, ಇಲ್ಲಿಂದ ಬ್ರೆಜಿಲ್‌ನ ಪೋರ್ಟೊ ಅಲೆಗ್ರೆ ನಗರದ ಕಡೆಗೆ ಹೊರಡುವವರು ಉರುಗ್ವೆಯಿಂದ ನಿರ್ಗಮಿಸಿದ ಮತ್ತು ಬ್ರೆಜಿಲ್‌ಗೆ ಪ್ರವೇಶಿಸಿದ ದಾಖಲೆಯನ್ನು ತಾವಾಗಿಯೇ ವಲಸೆ ಕಚೇರಿಗೆ ಹೋಗಿ ಮಾಡಿಸಿಕೊಳ್ಳಬೇಕು. ಮರೆತು ಬಸ್ಸು ಹತ್ತಿದವರಿಗೆ ಆ ತಪ್ಪು ಗೊತ್ತಾಗುವುದು ಎಷ್ಟೋ ದಿನಗಳ ನಂತರ, ವಿಮಾನ ನಿಲ್ದಾಣದ ಸರದಿಯಲ್ಲಿ ನಿಂತಾಗ. ಮೊಂಟೆವಿಡಿಯೊದಲ್ಲಿ ಕೆಲಸಕ್ಕೆ ಬಂದಿರುವ ನಮ್ಮವರು ಉರುಗ್ವೆಯ ಅನುಮತಿಯೊಂದನ್ನೇ ನಂಬಿ ಹೊರಡದೆ, ಬ್ರೆಜಿಲ್‌ನ ವೀಸಾ ನಿಯಮವನ್ನು ಆ ದೇಶದ ದೂತಾವಾಸದಲ್ಲಿ ಮೊದಲೇ ವಿಚಾರಿಸಬೇಕು. ಗಡಿಯಿಂದ 20 ಕಿಲೋಮೀಟರ್ ಒಳಗಿನ ನಿಗದಿತ ಊರುಗಳವರು ಎದುರು ದೇಶದಲ್ಲಿ ನೆಲೆಸಿ, ದುಡಿದು, ಓದಲು ಅವಕಾಶ ಕೊಡುವ 2002ರ ಒಪ್ಪಂದವೊಂದಿದೆ. ಆದರೆ ಅದು ಆ ಎರಡು ದೇಶಗಳ ಪ್ರಜೆಗಳಿಗಷ್ಟೇ ಅನ್ವಯಿಸುತ್ತದೆ.

ಕಿಸೆಯಲ್ಲಿ ಉರುಗ್ವೆಯ ಪೆಸೊ ಮತ್ತು ಬ್ರೆಜಿಲ್‌ನ ರಿಯಾಲ್ ಎರಡನ್ನೂ ಇಟ್ಟುಕೊಳ್ಳಿ. ವಿನಿಮಯ ದರ ಯಾವ ಕಡೆಗೆ ವಾಲಿದೆಯೋ ಅದನ್ನು ನೋಡಿಕೊಂಡು ಇಲ್ಲಿನ ಗೃಹಸ್ಥರು ದಿನಸಿಗೆ ಯಾವ ಬದಿಗೆ ಹೋಗಬೇಕೆಂದು ತೀರ್ಮಾನಿಸುತ್ತಾರೆ. ಸರಂಡಿ ರಸ್ತೆಯ ಸುಂಕರಹಿತ ಅಂಗಡಿಗಳು ಮಾತ್ರ ವಿದೇಶಿ ಪ್ರವಾಸಿಗರಿಗೆ ಮೀಸಲು; ರಿವೇರಾದ ನಿವಾಸಿಗೆ ತನ್ನ ಮನೆಯೆದುರಿನ ಅಂಗಡಿಯಲ್ಲೇ ವ್ಯಾಪಾರ ಮಾಡುವಂತಿಲ್ಲ ಎಂಬುದು ಈ ಊರಿನ ವಿಚಿತ್ರಗಳಲ್ಲೊಂದು.

ಬ್ರೆಜಿಲ್ ಬದಿಯಲ್ಲಿ ವಿದ್ಯುತ್ ಉಪಕರಣ ಕೊಳ್ಳುವ ಮುನ್ನ ಅದರ ತಳದ ಚೀಟಿಯನ್ನು ಓದಿ. ಉರುಗ್ವೆಯ ವಿದ್ಯುತ್ತಿನ ಆವರ್ತನ 50 ಹರ್ಟ್ಸ್, ಬ್ರೆಜಿಲ್‌ನದು 60. ಮೊಬೈಲ್ ಚಾರ್ಜರಿಗೆ ಇದರಿಂದ ತೊಂದರೆಯಿಲ್ಲ, ಪಿನ್ನಿನ ಆಕಾರಕ್ಕೆ ಅಡಾಪ್ಟರ್ ಸಾಕು. ಆದರೆ ಆವರ್ತನವನ್ನೇ ನಂಬಿ ಓಡುವ ಹಳೆಯ ಬಗೆಯ ಗಡಿಯಾರವನ್ನು ಲಿವ್ರಮೆಂಟೊದಿಂದ ತಂದು ರಿವೇರಾದಲ್ಲಿ ಹಚ್ಚಿದರೆ ಅದು ಗಂಟೆಗೆ 10 ನಿಮಿಷ ಹಿಂದೆ ಬೀಳುತ್ತದೆ. ಮೋಟಾರು ಇರುವ ವಸ್ತುಗಳನ್ನು ನೀವು ವಾಸಿಸುವ ಬದಿಯಲ್ಲೇ ಕೊಳ್ಳುವುದು ಲೇಸು.

ಕಾನೂನೂ ರಸ್ತೆಯ ನಡುವೆ ಬದಲಾಗುತ್ತದೆ. ಉರುಗ್ವೆ 2013ರ ಕಾಯ್ದೆಯ ಮೂಲಕ ತನ್ನ ನಿವಾಸಿಗಳಿಗೆ ಗಾಂಜಾವನ್ನು ಕಾನೂನುಬದ್ಧಗೊಳಿಸಿದೆ. ಅದನ್ನು ಹಿಡಿದು ಚೌಕ ದಾಟುವುದು ಮಾತ್ರ ಅಪರಾಧ.

ಭಾಷೆಯ ಬಗ್ಗೆ ಅಷ್ಟೊಂದು ಅಂಜಬೇಕಾಗಿಲ್ಲ. ಸ್ಪ್ಯಾನಿಷ್ ಮತ್ತು ಪೋರ್ಚುಗೀಸ್ ಬೆರೆತ ಪೋರ್ತುನ್ಯೊಲ್ ಇಲ್ಲಿನ ಮನೆಮಾತು. ಅದನ್ನು ಕೆಟ್ಟ ಸ್ಪ್ಯಾನಿಷ್ ಎಂದು ತಿದ್ದಲು ಹೋಗಬೇಡಿ, ನೀವು ತಡವರಿಸುವುದನ್ನೂ ಯಾರೂ ತಿದ್ದುವುದಿಲ್ಲ. ಪರಿಚಯವಾದವರು ‘ಮಾತೆ’ ಎಂಬ, ಸೊಪ್ಪಿಗೆ ಬಿಸಿನೀರು ಹೊಯ್ದು ಮಾಡುವ ಪಾನೀಯ ಕುಡಿಯಲು ಕರೆದೇ ಕರೆಯುತ್ತಾರೆ. ಅದನ್ನು ಕುಡಿಯುವ ಸೋರೆಬುರುಡೆಯೊಳಗಿನ ಸೊಪ್ಪು ಎದ್ದುಕಾಣುವ ಹಸಿರಾಗಿ, ಹಿಟ್ಟಿನಂತೆ ನುಣ್ಣಗಿದ್ದರೆ ಅದು ಬ್ರೆಜಿಲ್ ಪದ್ಧತಿಯ ಶಿಮಾರಾಂವ್; ಉರುಗ್ವೆಯವರ ಸೊಪ್ಪು ಮಾಗಿದ್ದು, ಹೆಚ್ಚು ಕಹಿ. ಒಂದೇ ಲೋಹದ ಕೊಳವೆಯಲ್ಲಿ ಎಲ್ಲರೂ ಸರದಿಯಂತೆ ಹೀರುತ್ತಾರೆ. ನಿಮ್ಮ ಪಾಲು ಮುಗಿದ ಮೇಲೆ ಬುರುಡೆಯನ್ನು ಸುಮ್ಮನೆ ಹಿಂತಿರುಗಿಸಿ. ‘ಗ್ರಾಸಿಯಾಸ್’ ಎಂದರೆ ಇನ್ನು ಸಾಕು ಎಂದು ಅರ್ಥಮಾಡಿಕೊಂಡು ಮುಂದಿನ ಸುತ್ತಿನಲ್ಲಿ ನಿಮ್ಮನ್ನು ಬಿಟ್ಟುಬಿಡುತ್ತಾರೆ.