ಡೀಪ್ ಸ್ಪ್ರಿಂಗ್ಸ್ ಕಣಿವೆ: ಹಳೇ ನಕ್ಷೆಗಳಲ್ಲಿ ನೀರು ಹುಡುಕಿದ್ದು

ಕ್ಯಾಲಿಫೋರ್ನಿಯಾದ ಪೂರ್ವದ ಅಂಚಿನಲ್ಲಿ, ನೆವಾಡಾ ಗಡಿ ಹತ್ತಿರ, ಡೀಪ್ ಸ್ಪ್ರಿಂಗ್ಸ್ ಅಂತ ಒಂದು ಕಣಿವೆ ಇದೆ. ಎತ್ತರ ಸುಮಾರು 5,000 ಅಡಿ. ಪೂರ್ತಿ ಒಣ ಸೀಮೆ. ಅದರೊಳಗೆ ಒಂದು ದನದ ರ‍್ಯಾಂಚ್, ಜೊತೆಗೆ 1917ರಲ್ಲಿ ಎಲ್. ಎಲ್. ನನ್ ಶುರುಮಾಡಿದ ಪುಟ್ಟ ಕಾಲೇಜು. ಓದುವ ಹುಡುಗ ಹುಡುಗಿಯರೇ ದನವನ್ನೂ ನೋಡಿಕೊಳ್ಳುತ್ತಾರೆ. ಇಷ್ಟಕ್ಕೆಲ್ಲ ನೀರು ಎಲ್ಲಿಂದ? ಹಳೇ ನಕ್ಷೆಗಳಲ್ಲೇ ನೋಡೋಣ ಅಂತ ಕೂತೆ.

ಅಮೆರಿಕ ಸರ್ಕಾರದ ಭೂವಿಜ್ಞಾನ ಸರ್ವೆ ಸಂಸ್ಥೆ ಯುಎಸ್‌ಜಿಎಸ್ ತನ್ನ 1880ರ ದಶಕದಿಂದೀಚಿನ ಟೋಪೋ ನಕ್ಷೆಗಳನ್ನು (ನೆಲದ ಏರಿಳಿತ, ಹಳ್ಳ, ರಸ್ತೆ ತೋರಿಸುವವು) ಸ್ಕ್ಯಾನ್ ಮಾಡಿ ಪುಕ್ಕಟೆ ಕೊಡುತ್ತದೆ. ಅದರ ಟೋಪೋವ್ಯೂ ಜಾಲತಾಣದಲ್ಲಿ ಜಾಗ ಒತ್ತಿ, ಜಿಯೋಟಿಫ್ (ಭೂಮಿಯ ಮೇಲಿನ ಸ್ಥಾನವೂ ಜೊತೆಗಿರುವ ಚಿತ್ರದ ಫೈಲು) ಇಳಿಸಿಕೊಂಡು, ನಕ್ಷೆ ನೋಡುವ ತಂತ್ರಾಂಶ ಕ್ಯೂಜಿಐಎಸ್‌ಗೆ ಹಾಕಿದೆ. 1:2,50,000 ಹಾಳೆಯಲ್ಲಿ ಇಡೀ ಕಣಿವೆ ಅಂಗೈಯಷ್ಟು, ಅದರಲ್ಲಿ ಒರತೆ ಹುಡುಕುವುದು ಸುಮ್ನೆ ಕಣ್ಣಿಗೆ ಕೆಲಸ. 1:62,500ರದ್ದು ನನಗೆ ಇಷ್ಟ. ಒಂದು ಇಂಚಿಗೆ ಹೆಚ್ಚುಕಡಿಮೆ ಒಂದು ಮೈಲಿ. ನಮ್ಮ ಟೋಪೋಶೀಟ್ ಓದಿ ಬಂದವರು ಒಂದು ನೆನಪಿಡಿ, ಇಲ್ಲಿ ಎತ್ತರವೆಲ್ಲ ಅಡಿಯಲ್ಲಿ.

ನಾನು ಮೊದಲು ಓದುವುದು ನಕ್ಷೆಯನ್ನಲ್ಲ, ಅಂಚಿನಲ್ಲಿರುವ ಬರಹವನ್ನು. ವಿಮಾನದಿಂದ ಫೋಟೋ ತೆಗೆದ ವರ್ಷ, ಸ್ಥಳಕ್ಕೆ ಹೋಗಿ ನೋಡಿದ ವರ್ಷ, ಅಚ್ಚಾದ ವರ್ಷ ಎಲ್ಲ ಬೇರೆ ಬೇರೆ ಇರಬಹುದು. ನೇರಳೆ ಬಣ್ಣದಲ್ಲಿರುವುದು ಆಮೇಲೆ ಫೋಟೋ ನೋಡಿ ಸೇರಿಸಿದ್ದು. ಅದನ್ನು ಯಾರೂ ಹೋಗಿ ನೋಡಿರುವುದಿಲ್ಲ. ಹಾಗಾಗಿ ನೇರಳೆ ರಸ್ತೆಯನ್ನು ನಾನು ಅಷ್ಟು ನಂಬುವುದಿಲ್ಲ.

ಈಗ ನೀರು. ವೈಟ್ ಮೌಂಟನ್ಸ್‌ನಿಂದ ವೈಮನ್ ಕ್ರೀಕ್ ಇಳಿದು ಬರುತ್ತದೆ. ಕಾಲೇಜಿನ ಹೊಲದ ಕುದುರೆಮಸಾಲೆ ಸೊಪ್ಪಿಗೆ ಇದರದೇ ನೀರು. ಆದರೆ ನನ್ನ ಕಣ್ಣು ನೆಟ್ಟಿದ್ದು ಕಣಿವೆಯ ದಕ್ಷಿಣದ ಸವಳು ಕೆರೆ ಮೇಲೆ. ಕೆರೆಯಂಗಳದಲ್ಲಿ ಕಾಂಟೂರ್ ಗೆರೆಗಳು (ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳು) ಇಲ್ಲವೇ ಇಲ್ಲ ಅನ್ನುವಷ್ಟು ವಿರಳ. ಪೂರ್ವದ ದಡ ದಾಟಿದ್ದೇ ತಡ, ಒಂದರ ಮೇಲೊಂದು ಒತ್ತಿಕೊಂಡು ಕಂದು ಪಟ್ಟಿಯೇ ಆಗಿಬಿಡುತ್ತವೆ. ಅಲ್ಲಿ ನೆಲ ಬಿರುಕುಬಿಟ್ಟು ಜರುಗಿದೆ, ಅಂದರೆ ಫಾಲ್ಟ್. ಕೊರಾಲ್ ಸ್ಪ್ರಿಂಗ್ಸ್, ಬಕ್‌ಹಾರ್ನ್ ಸ್ಪ್ರಿಂಗ್ಸ್ ಒರತೆಗಳಿರುವುದೂ ಅದೇ ಬುಡದಲ್ಲಿ. ಕಣಿವೆಯ ಹೆಸರೂ ಒರತೆಯದೇ ಅಲ್ವಾ! ಈ ಕಣಿವೆ ಬಿಟ್ಟು ಬೇರೆಲ್ಲೂ ಸಹಜವಾಗಿ ಸಿಗದ ಒಂದು ಕಪ್ಪು ಬಣ್ಣದ ಕಪ್ಪೆ ಬದುಕಿರುವುದು ಇಂಥ ಒರತೆಗಳ ಜೌಗಿನಲ್ಲೇ.

ಹಳ್ಳದ ನೀಲಿ ಗೆರೆ ತುಂಡು ತುಂಡಾಗಿ, ನಡುವೆ ಚುಕ್ಕಿ ಇದ್ದರೆ, ಅದು ವರ್ಷಪೂರ್ತಿ ಹರಿಯುವುದಿಲ್ಲ ಅಂತ. ಒಂದು ಹಾಳೆಯಲ್ಲಿ ಅಖಂಡ ಗೆರೆ, ಇನ್ನೊಂದರಲ್ಲಿ ತುಂಡು ಗೆರೆ ಕಂಡ ಮಾತ್ರಕ್ಕೆ ಹಳ್ಳ ಬತ್ತಿತು ಅನ್ನಬೇಡಿ. ಸರ್ವೆಯವರು ಬಂದದ್ದು ಯಾವ ತಿಂಗಳೋ. ಒರತೆಯೇ ಜಾಗ ಬದಲಿಸಿದಂತೆ ಕಂಡರೂ ಅಷ್ಟೇ. ಹಳೇ ಹಾಳೆಗಳು ಎನ್‌ಎಡಿ27 ಲೆಕ್ಕದವು, ಅಂದರೆ ಅಕ್ಷಾಂಶ ರೇಖಾಂಶ ಗುರುತಿಸಲು ಬಳಸುತ್ತಿದ್ದ ಹಳೇ ಆಧಾರ ಲೆಕ್ಕ. ಅದನ್ನು ತಂತ್ರಾಂಶಕ್ಕೆ ಸರಿಯಾಗಿ ಹೇಳಿಕೊಡದಿದ್ದರೆ ಈ ಭಾಗದಲ್ಲಿ ಎಲ್ಲವೂ ನೂರು ಮೀಟರಿನ ಆಸುಪಾಸು ಪಕ್ಕಕ್ಕೆ ಕೂರುತ್ತದೆ. ಬೆಟ್ಟದ ತುದಿಗಳು ತಾಳೆಯಾದ ಮೇಲೇ ಒರತೆ ಅಳೆಯುವುದು.