ಹನ್ನೊಂದು ಗಂಟೆಯ ಹೊಳೆ ಬೇರೆ, ಬೆಳಗಿನ ಜಾವದ ಹೊಳೆ ಬೇರೆ: ನನ್ನ ಅನುಭವ

"ದಡದ ಮನೆಯವರು ತುಂಬಿಸಿಕೊಟ್ಟ ಬಾಟಲಿಯ ಅಂಕಿ ನಂಬೋದು ಹೇಗೆ?" ನಮ್ಮ ವಿಭಾಗದಲ್ಲೇ ಹೀಗೆ ಕೇಳಿದವರು ಇದ್ದರು. ಹೊಳೆ ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ದಡದ ಮನೆಯವರ ಕೈಯಲ್ಲೇ ಬಾಟಲಿ ತುಂಬಿಸಿ ಅಳೆದಿದ್ದೆವು. ಈಗ ಹಾಗೆ ಕೇಳಿದವರೇ ಅದರ ಗ್ರಾಫನ್ನು ತಮ್ಮ ತರಗತಿಯಲ್ಲಿ ತೋರಿಸುತ್ತಾರೆ. ಹಾಗಾಗಿ ಸ್ವಲ್ಪ ಜಂಬದಿಂದಲೇ ಬರೆಯುತ್ತಿದ್ದೇನೆ, ಸಹಿಸಿಕೊಳ್ಳಿ.

ಪದವಿ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ನೀರಿನ ಕೆಲಸ ಮಾಡುವವರಿಗೆ ವಿಂಕ್ಲರ್ ಟೈಟ್ರೇಶನ್ (ನೀರಿನ ಆಮ್ಲಜನಕವನ್ನು ರಾಸಾಯನಿಕದಿಂದ ಹಿಡಿದು, ಇನ್ನೊಂದು ದ್ರಾವಣವನ್ನು ಹನಿಹನಿಯಾಗಿ ಬಿಟ್ಟು ಅಳೆಯುವುದು) ಹೊಸದೇನಲ್ಲ. 1888ರ ವಿಧಾನ, ಇವತ್ತಿಗೂ ಆಮ್ಲಜನಕದ ಮೀಟರ್ ಸರಿ ಇದೆಯಾ ಅಂತ ನೋಡಲು ಅದನ್ನೇ ಹಿಡಿಯುತ್ತೇವೆ. ಆದ್ದರಿಂದ ಅದರ ಪಾಠ ಇಲ್ಲಿ ಮಾಡಲ್ಲ. ಅದನ್ನು ಬೆಳಗಿನ ಜಾವ ಐದಕ್ಕೆ, ಕಾಲೇಜಿನವರು ಯಾರೂ ಇಲ್ಲದ ದಡದಲ್ಲಿ ಹೇಗೆ ಮಾಡಿಸಿದೆವು ಅನ್ನೋದಷ್ಟೇ ವಿಷಯ.

ಶುರುವಿನಲ್ಲಿ ವಿದ್ಯಾರ್ಥಿಗಳ ಪಟ್ಟಿ ದೊಡ್ಡದಿತ್ತು. ನೈಟ್ರೇಟ್, ಫಾಸ್ಫೇಟ್, ಪಿಎಚ್, ವಾಹಕತೆ, ಬಿಓಡಿ (ಕೊಳೆಯನ್ನು ಕರಗಿಸಲು ಸೂಕ್ಷ್ಮಜೀವಿಗಳು ಬಳಸುವ ಆಮ್ಲಜನಕ), ಎಲ್ಲವೂ ಬೇಕು. ದಡದ ಜನರ ಜೊತೆ ಕೂತು ಮಾತಾಡಿದಾಗ ಅವರ ಕಡೆಯಿಂದ ಬಂದದ್ದು ಒಂದೇ ಪ್ರಶ್ನೆ: ಬೆಳಗಾಗುವ ಮುಂಚೆ ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತವೆ, ಯಾಕೆ? ಆಮೇಲೆ ಪಟ್ಟಿಯ ಮುಕ್ಕಾಲು ಭಾಗ ಹೊಡೆದು ಹಾಕಿದೆವು. ವಿದ್ಯಾರ್ಥಿಗಳಿಗೆ ಬೇಸರವಾಯಿತು, ನನಗೆ ನಿರಾಳವಾಯಿತು.

ಆದರೆ ನಮ್ಮ ಗಾಡಿ ದಡ ಮುಟ್ಟುವ ಹೊತ್ತಿಗೆ ಹನ್ನೊಂದಾಗಿರುತ್ತಿತ್ತು. ಆ ಹೊತ್ತಿಗೆ ಬಿಸಿಲು ಬಿದ್ದು ಪಾಚಿ ಜೋರಾಗಿ ಕೆಲಸ ಮಾಡುತ್ತಿರುತ್ತದೆ. ನೀರು 28 ಡಿಗ್ರಿ, ಅಂದರೆ ನೀರು ಗಾಳಿಯಿಂದ ಹಿಡಿದುಕೊಳ್ಳಬಲ್ಲ ಆಮ್ಲಜನಕದ ತುಂಬು ಮಟ್ಟವೇ ಲೀಟರಿಗೆ 7.8 ಮಿಲಿಗ್ರಾಂ ಆಸುಪಾಸು. ನಮಗೆ ಸಿಗುತ್ತಿದ್ದದ್ದು 9ರ ಹತ್ತಿರ. ಹುಡುಗರು "ಆಮ್ಲಜನಕ ಉತ್ತಮ" ಅಂತ ಬರೆದುಕೊಂಡರು. ಪಕ್ಕದಲ್ಲಿ ನಿಂತಿದ್ದ ಹಿರಿಯರೊಬ್ಬರು ನಕ್ಕರು. "ಮೇಷ್ಟ್ರೇ, ನೀವು ಬರೋ ಹೊತ್ತಿಗೆ ಮೀನೆಲ್ಲ ಚೇತರಿಸಿಕೊಂಡಿರ್ತವೆ" ಅಂದರು. ತುಂಬು ಮಟ್ಟಕ್ಕಿಂತ ಜಾಸ್ತಿ ಆಮ್ಲಜನಕ ಹಗಲಲ್ಲಿ ಸಿಕ್ಕರೆ ಖುಷಿ ಪಡಬಾರದು, ಅನುಮಾನ ಪಡಬೇಕು. ಹಗಲು ಆಮ್ಲಜನಕ ಬಿಡುವ ಪಾಚಿಯೇ ರಾತ್ರಿ ಅದನ್ನು ಎಳೆದುಕೊಳ್ಳುತ್ತದೆ.

ಹಾಗಾದರೆ ರಾತ್ರಿ ಅಳೆಯಬೇಕು. ಇಲ್ಲಿಂದ ದುಡ್ಡು ನೀರಿನಂತೆ ಹರಿಯಿತು. ಮೊದಲು ಗಾಡಿ ಮಾಡಿಕೊಂಡು ರಾತ್ರಿಯೇ ಹೋದೆವು. ಒಂದೆರಡು ಸಲಕ್ಕೇ ವರ್ಷದ ಪ್ರಯಾಣದ ದುಡ್ಡಿನಲ್ಲಿ ಹತ್ತಿರ ಹತ್ತಿರ ಅರ್ಧ ಮುಗಿಯಿತು, ಜೊತೆಗೆ ಮನೆಯವರ ಒಪ್ಪಿಗೆ ಪತ್ರದ ತಲೆನೋವು. ಆಮೇಲೆ ಮೀಟರನ್ನೇ ದಡದ ಮನೆಯಲ್ಲಿ ಬಿಟ್ಟೆವು. ಅದರ ಪ್ರೋಬ್, ಅಂದರೆ ನೀರಿಗೆ ಅದ್ದುವ ಪೊರೆ ಇರುವ ತುದಿ, ತುಂಬಾ ನಾಜೂಕು. ವಾರ ಕಳೆಯುವಷ್ಟರಲ್ಲಿ ಒಣಗಿ ಕೂತಿತು. ಹೊಸ ಪೊರೆ, ಹೊಸ ದ್ರಾವಣ, ಮತ್ತೆ ಅದೇ ಕಥೆ.

ಮೂರನೆಯದು ನೀರಿನಲ್ಲೇ ಕಟ್ಟಿಡುವ ಆಪ್ಟಿಕಲ್ ಲಾಗರ್, ಬೆಳಕಿನಿಂದ ಆಮ್ಲಜನಕ ಅಳೆದು ತಾನೇ ದಾಖಲಿಸಿಕೊಳ್ಳುವ ಸಾಧನ. ಎರವಲು ತಂದದ್ದು. ಗ್ರಾಫ್ ಎಷ್ಟು ಚೆಂದ ಬಂತೆಂದರೆ ಎಲ್ಲರೂ ಚಪ್ಪಾಳೆ ತಟ್ಟಿದರು. ದಿನ ಕಳೆದಂತೆ ಏರಿಳಿತ ದೊಡ್ಡದಾಗುತ್ತಲೇ ಹೋಯಿತು. ಎತ್ತಿ ನೋಡಿದರೆ ಸೆನ್ಸರಿನ ಮುಖಕ್ಕೆ ಹಸಿರು ಲೋಳೆ ದಪ್ಪಗೆ ಅಂಟಿತ್ತು. ಹೊಳೆಯ ಉಸಿರಾಟ ಬಿಟ್ಟು ಆ ಲೋಳೆಯ ಉಸಿರಾಟವನ್ನು ಅಳೆಯುತ್ತಿದ್ದೆವು. ದಿನಾ ಒರೆಸುವವರಿದ್ದರೆ ಲಾಗರ್ ಒಳ್ಳೆಯದೇ. ದಿನಾ ದಡಕ್ಕೆ ಬರುವವರು ಇದ್ದಾರೆ ಅಂದಮೇಲೆ ಲಾಗರ್ ಯಾಕೆ ಬೇಕು?

ಕೊನೆಗೆ ಹೊಳೆದದ್ದು ಹಳೇ ಗಾಜಿನ ಬಾಟಲಿ. ನೀರು ತುಂಬಿಸಿ, ಮೊದಲ ಎರಡು ರಾಸಾಯನಿಕ (ಮ್ಯಾಂಗನೀಸ್ ಲವಣ, ಆಮೇಲೆ ಅಯೋಡೈಡ್ ಇರುವ ಕ್ಷಾರ) ಹಾಕಿ ಮುಚ್ಚಿಬಿಟ್ಟರೆ ಆಮ್ಲಜನಕ ಅಲ್ಲೇ ಕಟ್ಟಿಹಾಕಿದ ಹಾಗೆ. ಟೈಟ್ರೇಶನ್ ಆಮೇಲೆ ಮಾಡಿದರೂ ನಡೆಯುತ್ತದೆ. ಐದಕ್ಕೆ ದಡದವರು ಕಟ್ಟಿಡಬೇಕು, ಹನ್ನೊಂದಕ್ಕೆ ನಾವು ಹೋಗಿ ಬಿಚ್ಚಬೇಕು. ಮುಚ್ಚಳದ ಸುತ್ತ ನೀರು ನಿಲ್ಲಿಸಿ, ಕತ್ತಲೆ ಪೆಟ್ಟಿಗೆಯಲ್ಲಿ ತಂಪಾಗಿಟ್ಟು, ಎಂಟು ಗಂಟೆಯೊಳಗೆ ಮುಗಿಸುವುದು ಅಂತ ಗಡಿ ಹಾಕಿಕೊಂಡೆವು.

ಟೈಟ್ರೇಶನ್ನಿಗೆ ಮುಂಚೆ ಹಾಕುವ ಆಸಿಡ್ ಮಾತ್ರ ದಡದ ಮನೆಗಳಿಗೆ ಹೋಗಲೇ ಇಲ್ಲ, ಅದನ್ನು ಹಾಕುವುದು ವಿದ್ಯಾರ್ಥಿಗಳ ಕೆಲಸ. ಆದರೆ ಮೊದಲ ಎರಡರಲ್ಲಿ ಎರಡನೇ ದ್ರಾವಣ ಕ್ಷಾರ, ಕೈ ಸುಡುತ್ತದೆ, ಅದರಲ್ಲಿ ವಿಷಕಾರಿ ಅಜೈಡ್ ಬೇರೆ ಇರುತ್ತದೆ. ಹಾಗಾಗಿ ಸಿಕ್ಕವರ ಕೈಗೆಲ್ಲ ಕೊಡಲಿಲ್ಲ. ದಡದಲ್ಲಿ ನಾಲ್ಕೈದು ಮನೆ, ಮನೆಗೆ ಒಬ್ಬರು ದೊಡ್ಡವರು. ಗ್ಲೌಸ್, ಕನ್ನಡಕ, ಪಕ್ಕದಲ್ಲಿ ಒಂದು ಬಕೆಟ್ ಒಳ್ಳೆ ನೀರು, ಬೀಗ ಹಾಕುವ ಡಬ್ಬಿ. ಇಷ್ಟಿಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಉಳಿದ ದ್ರಾವಣ ಚರಂಡಿಗೂ ಹೋಗಬಾರದು, ಸಿಂಕಿಗೂ ಹೋಗಬಾರದು. ಕ್ಯಾನಿನಲ್ಲಿ ತುಂಬಿ ವಾಪಸ್ ತನ್ನಿ.

ಕಲಿಸಲು ಕಷ್ಟವಾದದ್ದು ರಾಸಾಯನಿಕ ಅಲ್ಲ, ಗುಳ್ಳೆ. ಬಾಟಲಿಯನ್ನು ಬುಳುಬುಳು ಅಂತ ಮುಳುಗಿಸಿದರೆ ಗಾಳಿಯೂ ಒಳಗೆ ಸೇರಿ ಅಂಕಿ ಏರುತ್ತದೆ. ಕೊಳವೆಯನ್ನು ಬಾಟಲಿಯ ತಳಕ್ಕೆ ಮುಟ್ಟಿಸಿ, ನಿಧಾನ ತುಂಬಿಸಿ, ಎರಡು ಮೂರು ಬಾಟಲಿಯಷ್ಟು ನೀರು ಹೊರಗೆ ಉಕ್ಕಲು ಬಿಟ್ಟು, ಮುಚ್ಚಳ ಓರೆಯಾಗಿ ಇಳಿಸಬೇಕು. ವಿದ್ಯಾರ್ಥಿಗಳಿಗಿಂತ ದಡದ ಹೆಂಗಸರು ಇದನ್ನು ಬೇಗ ಹಿಡಿದರು, ಸುಮ್ನೆ ಹೊಗಳುತ್ತಿಲ್ಲ. ಕತ್ತಲಲ್ಲಿ ಟಾರ್ಚ್ ಹಿಡಿದು ಒಂಟಿ ಕೈಯಲ್ಲಿ ಗುಳ್ಳೆ ಬಾರದಂತೆ ತುಂಬಿಸಲು ನಾವು ಒಂದು ಚಿಕ್ಕ ಸಾಧನ ಮಾಡಿಕೊಂಡಿದ್ದೇವೆ. ಅದನ್ನು ಇಲ್ಲಿ ಬಿಡಿಸಿ ಹೇಳಲ್ಲ. ಮುಂದಿನ ತಂಡದ ಪ್ರಾಜೆಕ್ಟೇ ಅದು.

ಮೊದಲ ಕಂತಿನ ಅಂಕಿ ನೋಡಿ ತಲೆ ತಿರುಗಿತು. ಬೆಳಗಿನ ಜಾವ, ಕೊಳಚೆ ಬಂದು ಸೇರುವ ಜಾಗ, ಆಮ್ಲಜನಕ 11! ಆ ಬಿಸಿಗೆ ನೀರು ಅಷ್ಟನ್ನು ಹಿಡಿದಿಡುವುದೇ ಕಷ್ಟ. "ನೋಡಿದ್ರಾ, ಹೇಳಿರಲಿಲ್ವಾ" ಅಂತ ಹೇಳಲು ಜನ ಕಾದಿದ್ದರು, ಹೇಳಿಯೂ ಬಿಟ್ಟರು. ದಡದವರದು ಏನೂ ತಪ್ಪಿರಲಿಲ್ಲ. ಲ್ಯಾಬಿನ ಕಪಾಟಿನಲ್ಲಿದ್ದ ಥಯೋಸಲ್ಫೇಟ್, ಅಂದರೆ ಟೈಟ್ರೇಶನ್ನಿನಲ್ಲಿ ಹನಿಹನಿಯಾಗಿ ಬಿಡುವ ದ್ರಾವಣ, ಹಳೆಯದಾಗಿ ಬಲ ಕಳೆದುಕೊಂಡಿತ್ತು. ಬಲ ಕಡಿಮೆಯಾದರೆ ಅದನ್ನು ಅಳೆದು ಬಿಡುವ ಗಾಜಿನ ಕೊಳವೆಯಾದ ಬ್ಯುರೆಟ್‌ನಿಂದ ಜಾಸ್ತಿ ಇಳಿಯುತ್ತದೆ, ಅಂಕಿ ಉಬ್ಬುತ್ತದೆ. ಟೈಟ್ರೇಶನ್ ಎಲ್ಲಿ ಮುಗಿಯಿತು ಅಂತ ಬಣ್ಣದಿಂದ ತೋರಿಸುವ ಪಿಷ್ಟದ ದ್ರಾವಣವೂ ಕೆಟ್ಟಿತ್ತು. ಕಡುನೀಲಿ ಬರಬೇಕಾದಲ್ಲಿ ನೇರಳೆಗೆ ತಿರುಗಿದ ಕೊಳಕು ಬಣ್ಣ ಬರುತ್ತಿತ್ತು. ಅವತ್ತಿನಿಂದ ಪ್ರತಿ ಸಲವೂ ಬಲ ಗೊತ್ತಿರುವ ಡೈಕ್ರೋಮೇಟ್ ದ್ರಾವಣ ಇಟ್ಟು ಥಯೋದ ಬಲ ಅಳೆದ ಮೇಲೆಯೇ ಕೆಲಸ. ಬಾಟಲಿಯಿಂದ 201 ಮಿಲಿಲೀಟರ್ ತೆಗೆದುಕೊಂಡರೆ 0.025 ನಾರ್ಮಲ್ (ದ್ರಾವಣದ ಬಲದ ಅಳತೆ) ಥಯೋದ ಒಂದು ಮಿಲಿಲೀಟರ್ ಅಂದರೆ ಲೀಟರಿಗೆ ಒಂದು ಮಿಲಿಗ್ರಾಂ ಆಮ್ಲಜನಕ, ಲೆಕ್ಕ ಸಲೀಸು. 200 ಯಾಕಲ್ಲ ಅಂತ ಹುಡುಗರು ಪ್ರತಿ ವರ್ಷ ಕೇಳುತ್ತಾರೆ. 300ರ ಬಾಟಲಿಯಿಂದ ಎರಡು ಮಿಲಿಲೀಟರ್ ನೀರನ್ನು ರಾಸಾಯನಿಕ ಹೊರಗೆ ತಳ್ಳಿರುತ್ತದಲ್ಲ, ಅದರ ಬಾಬ್ತು.

ಅನುಮಾನ ಪಟ್ಟವರ ಬಾಯಿ ಮುಚ್ಚಿಸಲು ಎರಡು ಕೆಲಸ ಮಾಡಿದೆವು. ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ ದಡದವರದೊಂದು ಬಾಟಲಿ, ವಿದ್ಯಾರ್ಥಿಯದೊಂದು. ವ್ಯತ್ಯಾಸ ಹೆಚ್ಚುಕಡಿಮೆ 0.3ರ ಒಳಗೇ ಇತ್ತು. ಇನ್ನೊಂದು, ಅಕ್ವೇರಿಯಂ ಪಂಪಿನಿಂದ ಗಾಳಿ ತುಂಬಿದ ನೀರು ಮತ್ತು ಆಮ್ಲಜನಕ ಹೋಗುವಂತೆ ಕುದಿಸಿ ಮುಚ್ಚಿ ಆರಿಸಿದ ನೀರು. ಯಾವುದು ಯಾವುದೆಂದು ಹೇಳದೆ ನಡುನಡುವೆ ಕೊಟ್ಟೆವು. ಟೈಟ್ರೇಶನ್ ಮಾಡುವ ವಿದ್ಯಾರ್ಥಿಗೂ ಗೊತ್ತಿರಲಿಲ್ಲ. ಎರಡೂ ಸರಿಯಾಗಿ ಸಿಕ್ಕಿಬಿದ್ದವು.

ಆದರೆ ನಿಜವಾಗಿ ಎಲ್ಲರನ್ನೂ ಒಪ್ಪಿಸಿದ್ದು ಅಂಕಿಯಲ್ಲ, ಬಣ್ಣ. ಆಮ್ಲಜನಕ ಇದ್ದರೆ ಬಾಟಲಿಯಲ್ಲಿ ಕಂದು ಗಸಿ ಕೂರುತ್ತದೆ. ಇಲ್ಲವೇ ಇಲ್ಲ ಅಂದರೆ ಬೆಳ್ಳಗಿರುತ್ತದೆ. ಒಂದು ಬೆಳಿಗ್ಗೆ ಮೇಲಿನ ಜಾಗದಿಂದ ಕೆಳಗಿನವರೆಗೆ ತುಂಬಿದ ಬಾಟಲಿಗಳನ್ನು ಜಗಲಿಯ ಮೇಲೆ ಸಾಲಾಗಿ ಇಟ್ಟಿದ್ದರು. ಮೊದಲೆರಡು ಕಡು ಕಂದು. ಮೂರನೆಯದು ತೆಳು. ಮೋರಿ ಸೇರುವ ಜಾಗದ್ದು ಹಾಲು ಕದಡಿದಷ್ಟು ಬಿಳಿ. ಅದರ ಕೆಳಗಿನದು ಮತ್ತೆ ಸ್ವಲ್ಪ ಕಂದು. ನಾವು ಬ್ಯುರೆಟ್ ಹೊರಗೆ ತೆಗೆಯುವ ಮುಂಚೆಯೇ ಅವರಿಗೆ ಉತ್ತರ ಸಿಕ್ಕಿತ್ತು. ಟೈಟ್ರೇಶನ್ ಆ ಬಿಳಿಗೆ ಹಾಕಿದ ಅಂಕಿ 0.5ಕ್ಕಿಂತ ಕಡಿಮೆ. ಹನ್ನೊಂದಕ್ಕೆ ಅದೇ ಜಾಗದಲ್ಲಿ 6ರ ಮೇಲಿತ್ತು.

ಮೋರಿಯಲ್ಲಿ ಗಟ್ಟಿ ಕೊಳಚೆ ಬರುವುದು ನಡುರಾತ್ರಿಯ ಮೇಲೆ ಅನ್ನೋದನ್ನೂ ಅವರೇ ಹೇಳಿದ್ದು, ವಾಸನೆಯಿಂದ. ಶುರುವಿನ ನಮ್ಮ ನಕ್ಷೆಯಲ್ಲಿ ಆ ಜಾಗವೇ ಇರಲಿಲ್ಲ. ಪಾಚಿ ಒಂದೇ ಕಾರಣ ಅಂದುಕೊಂಡಿದ್ದ ನಮ್ಮ ಕಥೆಗೆ ಇನ್ನೊಂದು ಕಾಲು ಸೇರಿತು.

ನಡುವೆ ಒಂದಷ್ಟು ಅಡ್ಡ ಪ್ರಯೋಗಗಳೂ ನಡೆದವು. ಗಸಿಯ ಬಣ್ಣವನ್ನು ಫೋನಿನಲ್ಲಿ ಫೋಟೋ ತೆಗೆದು ಬಣ್ಣದ ಕಾರ್ಡಿನ ಜೊತೆ ಹೋಲಿಸಿದೆವು. 3ಕ್ಕಿಂತ ಕೆಳಗೆ ಚೆನ್ನಾಗಿ ಹೇಳುತ್ತದೆ, ಮೇಲೆ ಎಲ್ಲಾ ಒಂದೇ ಕಂದು. ಬಿಟ್ಟಿಲ್ಲ, ಬೆಳಕಿನ ವಿಷಯದಲ್ಲಿ ಒಂದು ಉಪಾಯ ಇದೆ, ಗಟ್ಟಿಯಾಗಲಿ. ಬಲೆ ಹಾಕಿ ಹುಳುಗಳನ್ನೂ ನೋಡಿದೆವು. ಮೇಲ್ಗಡೆ ಕಲ್ಲಿಗೆ ಅಂಟಿದ, ಆಮ್ಲಜನಕ ಚೆನ್ನಾಗಿರುವ ನೀರು ಬೇಕಾದ ಮೇಫ್ಲೈ ಕೀಟದ ಮರಿಗಳು, ಮೋರಿಯ ಹತ್ತಿರ ಬರೀ ಕೆಂಪು ಕೈರೊನೊಮಿಡ್ (ಸೊಳ್ಳೆಯಂತೆ ಕಾಣುವ, ಕಚ್ಚದ ಕೀಟದ ಮರಿ) ಹುಳುಗಳು. ಈ ಕೆಂಪು ಹುಳುಗಳ ಮೈಯಲ್ಲಿ ಹಿಮೋಗ್ಲೋಬಿನ್ ಇರುವುದರಿಂದ ಆಮ್ಲಜನಕ ಕಡಿಮೆಯಾದರೂ ತಡೆದುಕೊಳ್ಳುತ್ತವೆ. ಬಾಟಲಿ ಒಂದು ಬೆಳಗಿನದನ್ನು ಹೇಳಿದರೆ ಹುಳು ಕಳೆದ ವಾರಗಳದನ್ನು ಹೇಳುತ್ತದೆ, ಎರಡೂ ಬೇಕು. ಹತ್ತಿ ಬಟ್ಟೆಯ ಪಟ್ಟಿ ಕಟ್ಟಿ ಎಷ್ಟು ಬೇಗ ಕೊಳೆಯುತ್ತದೆ ಅಂತ ನೋಡಹೋದದ್ದು ಮಾತ್ರ ಮೊದಲ ಮಳೆಗೇ ಕೊಚ್ಚಿಹೋಯಿತು.

ದುಡ್ಡಿನ ಲೆಕ್ಕ ನೆನಪಿನಿಂದ ಹೇಳುತ್ತೇನೆ. ಒಂದು ಒಳ್ಳೆ ಮೀಟರಿನ ದುಡ್ಡಿನಲ್ಲಿ ನಮ್ಮ ಬಾಟಲಿ, ರಾಸಾಯನಿಕ, ಬ್ಯುರೆಟ್, ಕನ್ನಡಕ, ಪೆಟ್ಟಿಗೆ ಎಲ್ಲಾ ಬಂದು ಸುಮಾರು ಅರ್ಧ ಉಳಿಯಿತು. ಉಳಿದದ್ದರಲ್ಲಿ ಬಹುಪಾಲು ದಡದವರ ಗೌರವಧನಕ್ಕೆ ಹೋಯಿತು. ಇದಕ್ಕೂ ಜಗಳವಾಯಿತು. ಸ್ವಯಂಸೇವಕರಿಗೆ ಯಾಕೆ ದುಡ್ಡು ಅಂತ ಕೇಳಿದರು. ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಗ್ಲೌಸ್ ಹಾಕಿಕೊಳ್ಳುವವರು ಸ್ವಯಂಸೇವಕರಲ್ಲ, ಸಹ ಸಂಶೋಧಕರು. ವಿದ್ಯಾರ್ಥಿಗಳಿಗೆ ಅಂಕ ಸಿಗುತ್ತದೆ, ನನಗೆ ಸಂಬಳ ಸಿಗುತ್ತದೆ, ಅವರಿಗೆ ಮಾತ್ರ ಬರೀ ಥ್ಯಾಂಕ್ಸ್ ಅಂದರೆ ಹೇಗೆ? ಫಲಿತಾಂಶವೂ ಮೊದಲು ಅವರಿಗೇ ಹೋಗಬೇಕು ಅಂತ ಬರೆದುಕೊಂಡಿದ್ದೆವು. ವರದಿ ಕಾಲೇಜಿನಲ್ಲಿ ಮಂಡನೆಯಾಗುವ ಮುಂಚೆ ಅವರ ಕೈಯಲ್ಲಿತ್ತು. ಮೋರಿಯ ವಿಷಯಕ್ಕೆ ಅವರು ಕೊಟ್ಟ ಅರ್ಜಿಯ ಜೊತೆ ಆ ಗ್ರಾಫ್ ಹೋಗಿದೆ. ಉತ್ತರ ಇನ್ನೂ ಬಂದಿಲ್ಲ.

ಶುರು ಮಾಡುವವರಿಗೆ ಒಂದು ಮಾತು. ಬಾಟಲಿಗೂ ಅದರ ಗಾಜಿನ ಮುಚ್ಚಳಕ್ಕೂ ಒಂದೇ ನಂಬರ್ ಕೆತ್ತಿಸಿ. ತೊಳೆಯುವಾಗ ಅದಲು ಬದಲಾದರೆ ಒಳಗೆ ಹಿಡಿಯುವ ನೀರಿನ ಅಳತೆಯೇ ಬದಲಾಗುತ್ತದೆ, ಕೆಲವು ಸರಿಯಾಗಿ ಕೂರುವುದೂ ಇಲ್ಲ. ಮಾರ್ಕರ್ ಪೆನ್ನಿನಲ್ಲಿ ಬರೆದರೆ ಎರಡು ವಾರವೂ ಉಳಿಯಲ್ಲ.